ಓಸಿಐ ಕಾರ್ಡಿನವಳ ಸಿಟ್ಟಿನ ಮೊರೆ

ಸಿಟ್ಟಿನಲ್ಲಿ ಬೇಡಿಕೊಂಡರೂ ತಾಯಿ ಬನಶಂಕರಿ ಕೇಳುತ್ತಾಳೆಂದು ಭಕ್ತಬಂಧುಗಳಿಗೆ ತಿಳಿಸಲು ಬರೆಯುತ್ತಿದ್ದೇನೆ. ಆಸ್ಟ್ರೇಲಿಯಾದಲ್ಲಿದ್ದಾಗ ಕಾಯಿಲೆಯಿಂದ ನನ್ನ ಗರ್ಭಕೋಶ ತೆಗೆಯಬೇಕಾಯಿತು. ಇನ್ನು ಸರೊಗಸಿಯೇ ಗತಿ: ನಮ್ಮ ಮಗುವನ್ನು ಇನ್ನೊಬ್ಬರು ಹೊರಬೇಕಿತ್ತು. ಊರಲ್ಲಿ ದಾರಿ ಸಿಕ್ಕೀತೆಂದು ನಾನೂ ಪತಿಯೂ ಹೈದರಾಬಾದಿಗೆ ಮರಳಿದೆವು.

ಗಚ್ಚಿಬೌಲಿಯ ಆಸ್ಪತ್ರೆಯೊಂದರ ಕೌಂಟರಿನಾತ ವಿದೇಶಿ ಪೌರತ್ವ ಪಡೆದ ಭಾರತೀಯರಿಗೆ ಕೊಡುವ ನಮ್ಮ ಓಸಿಐ ಕಾರ್ಡು ನೋಡಿದವನೇ, "ಫಾರಿನರ್ಸ್ ಕೋ ಸರೊಗಸಿ ನಹೀ ಮೇಡಂ" ಎಂದ. ವಿದೇಶಿಯರಿಗೆ ಅದು ಇಲ್ಲವೆಂದು ಡಾಕ್ಟರನ್ನು ಕಾಣಲೂ ಬಿಡಲಿಲ್ಲ. ಮೈಯೆಲ್ಲ ಉರಿಯಿತು. ಇದೇ ಊರಿನ ಮಲ್ಕಾಜ್‌ಗಿರಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಹುಟ್ಟಿ, ಅಲ್ಲೇ ಸೈಕಲ್ಲಿನಿಂದ ಬಿದ್ದು ಮೊಣಕಾಲು ಒಡೆದುಕೊಂಡವಳು ನಾನು. ಪಾಸ್‌ಪೋರ್ಟು ಬದಲಾದ ಮಾತ್ರಕ್ಕೆ ಪರದೇಶಿಯಾದೆನೇ?

ಶ್ರಾವಣ ಶುಕ್ರವಾರ ತವರಿನಲ್ಲಿ ಮುತ್ತೈದೆಯರಿಗೆ ಉಡಿ ತುಂಬುತ್ತಿದ್ದರು. ಅಕ್ಕಿ, ಕೊಬ್ಬರಿ ಹಿಡಿದು ಬಂದ ಸೋದರತ್ತೆ ನನ್ನನ್ನು ದಾಟಿ ಮುಂದೆ ಹೋದರು. "ಮಕ್ಕಳಾದಮ್ಯಾಲೆ ಈಕಿಗೆ ತುಂಬಿದ್ರಾತು" ಎಂದರು. ಎಲ್ಲರೆದುರು ಹಾಗೆ ಅನ್ನಲು ಬಾಯಿಯಾದರೂ ಹೇಗೆ ಬಂತು? ನೇರ ದೇವರ ಕೋಣೆಗೆ ಹೋಗಿ ತಾಯಿ ಬನಶಂಕರಿಯನ್ನೇ ಕೇಳಿದೆ: "ನೀನೂ ಕಾರ್ಡ್ ನೋಡೇ ಮಕ್ಕಳನ್ನ ಕೊಡತೀಯೇನು? ಹಂಗಿದ್ರ ಹೇಳಿಬಿಡು, ನಾಳಿಂದ ದೀಪಾ ಹಚ್ಚಂಗಿಲ್ಲ." ಆಮೇಲೆ ಅಲ್ಲೇ ಕೂತು ಅತ್ತುಬಿಟ್ಟೆ.

ಹಿಂದೆ ತಮ್ಮನ ಹೆಂಡತಿ ಶೋಭಾ ನಿಂತಿದ್ದಳು, ಎರಡು ಮಕ್ಕಳ ತಾಯಿ. "ಆಕೀನ್ನ ಯಾಕ ಬೈತೀರಿ ಅಕ್ಕಾರ? ನಿಮ್ಮ ಕೂಸಿನ್ನ ನಾ ಹೊರತೀನಿ. ನಮ್ಮನಿಯವರನ್ನೂ ಕೇಳೀನಿ, ಹೂಂ ಅಂದಾರ" ಎಂದಳು. ಬಾಯಿ ಶೋಭಾಳದು, ಆಡಿಸಿದವಳು ತಾಯಿ. ಇದರಲ್ಲಿ ನನಗೆ ಸಂಶಯವಿಲ್ಲ.

ಮರುದಿನ ಅವಳೇ ನನ್ನನ್ನು ಬಸ್ಸಿನಲ್ಲಿ ಮೆಹದಿಪಟ್ನಂನ ಇನ್ನೊಂದು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಅಲ್ಲಿನ ಡಾಕ್ಟರಮ್ಮ ಕಾರ್ಡು ನೋಡಿ, ಭಾರತೀಯ ಮೂಲದ ದಂಪತಿಗೂ ಕಾನೂನಿನಲ್ಲಿ ಅವಕಾಶವಿದೆ, ಸರ್ಕಾರದ ಸರೊಗಸಿ ಮಂಡಳಿಯ ಶಿಫಾರಸು ಪತ್ರ ತರಬೇಕು ಎಂದರು. ಹಾಗಾದರೆ ಆ ಕೌಂಟರಿನಾತ ಕಾನೂನು ತಿಳಿಯದೆಯೇ ನಮ್ಮನ್ನು ಹೊರಗಟ್ಟಿದ್ದ! ಹೀಗೆ ಎಷ್ಟು ಹೆಣ್ಣುಮಕ್ಕಳು ಅತ್ತುಕೊಂಡು ವಿಮಾನ ಹತ್ತಿದ್ದಾರೋ. ನೆನೆದರೆ ಈಗಲೂ ರಕ್ತ ಕುದಿಯುತ್ತದೆ.

ಶಿಫಾರಸಿಗೆ ತಿಂಗಳುಗಟ್ಟಲೆ ಅಲೆದೆವು. ಹುಟ್ಟುವ ಮಗು ನಮ್ಮದೇ ಎಂಬ ಕೋರ್ಟಿನ ಆದೇಶವೂ ಆಯಿತು. ಕೊನೆಗೆ ಶೋಭಾಳ ಬಸಿರಲ್ಲಿ ನಮ್ಮ ಕೂಸು ನಿಂತಿತು. ದೀಪ ಮಾತ್ರ ಒಂದು ದಿನವೂ ಬಿಡಲಿಲ್ಲ, ಜಗಳವನ್ನೂ ಬಿಡಲಿಲ್ಲ. ಆ ಶ್ರಾವಣದ ನಂತರದ ಎರಡನೆಯ ಬನದ ಹುಣ್ಣಿಮೆ, ತಾಯಿಯ ಜಾತ್ರೆಯ ದಿನ, ಕಳೆದು ವಾರದೊಳಗೆ ಮಗಳು ಹುಟ್ಟಿದಳು. ಶೋಭಾ ಹಾಸಿಗೆಯಿಂದಲೇ ಕೂಸನ್ನು ನನ್ನ ಕಡೆ ಚಾಚಿ, "ತಗೋರಿ ಅಕ್ಕಾರ, ನಿಮ್ಮ ಸಿಟ್ಟೆಲ್ಲಾ ಈಕಿಗೇ ಬಂದೈತಿ. ಒಳಗ ಭಾಳ ಒದ್ದಾಳ" ಎಂದಳು.

ಜಗಳಗಂಟಿ ಮಗಳ ಕೈಬಿಡದ ತಾಯಿಗೆ ಶರಣು. ಬಂಧುಗಳೇ, ಯಾರು ಏನೇ ಅನ್ನಲಿ, ಅವಳ ಮನೆಯಲ್ಲಿ ನಾವು ಹೊರಗಿನವರಲ್ಲ.