ಅಮಾವಾಸ್ಯೆ ಪೂಜೆಗೆ ಕೂತ ಲ್ಯಾಪ್‌ಟಾಪ್

ಗೆಳೆಯರೇ, ಇವತ್ತು ಶಹಾಪುರದಲ್ಲಿ ಒಂದು ವಾದ ಗೆದ್ದೆ. ಸಂಜೆಯಾದರೂ ನಗು ನಿಂತಿಲ್ಲ.

ಕೀಬೋರ್ಡ್ ಬದಲಿಸಲು ಕೊಟ್ಟಿದ್ದ ಲ್ಯಾಪ್‌ಟಾಪ್ ತರಲು ಕಾಲುವೆ ರಸ್ತೆಯ ರಿಪೇರಿ ಅಂಗಡಿಗೆ ಹೋಗಿದ್ದೆ. ಅಕ್ಷರಗಳೆಲ್ಲ ಚೆನ್ನಾಗಿ ಮೂಡಿದವು. ಆದರೆ ಮುಚ್ಚಳದ ಕೀಲಿನ ಬದಿಯ ಮೂಲೆ ಒಡೆದಿತ್ತು. ತೆರೆದರೆ ನಿಲ್ಲದೆ ಹಿಂದಕ್ಕೆ ವಾಲುತ್ತಿತ್ತು.

"ಅದು ಮೊದಲೇ ಒಡದಿತ್ರಿ ಅಕ್ಕಾರ, ನೀವು ಲಕ್ಷ್ಯ ಕೊಟ್ಟಿಲ್ಲ" ಎಂದರು ಮಾಲೀಕ ಶರಣಪ್ಪ. "ಹೊಸಾದು ಹಾಕಬೇಕಂದ್ರ ಬ್ಯಾರೆ ಖರ್ಚ ಬರ್ತದ."

ಕೊಡುವಾಗ ನಾನು ಫೋಟೊ ತೆಗೆದಿರಲಿಲ್ಲ, ರಸೀದಿಯಲ್ಲೂ ಏನೂ ಬರೆಸಿರಲಿಲ್ಲ. ಸೋತೆ ಎಂದುಕೊಳ್ಳುವಾಗ ಮೊನ್ನೆಯ ಅಮಾವಾಸ್ಯೆ ನೆನಪಾಯಿತು. ಪ್ರತಿ ಅಮಾವಾಸ್ಯೆಗೂ ಶರಣಪ್ಪ ರಿಪೇರಿಗೆ ಬಂದ ಯಂತ್ರಗಳನ್ನೆಲ್ಲ ಸಾಲಾಗಿಟ್ಟು ಪೂಜೆ ಮಾಡಿ, ಆ ಫೋಟೊವನ್ನು ಗಿರಾಕಿಗಳಿಗೆಲ್ಲ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಮೊಬೈಲ್ ತೆಗೆದು ತೋರಿಸಿದೆ. ಮುಂದಿನ ಸಾಲಿನಲ್ಲೇ ಗಿಳಿಯ ಸ್ಟಿಕ್ಕರಿನ ನನ್ನ ಲ್ಯಾಪ್‌ಟಾಪ್. ಮುಚ್ಚಳದ ಮೇಲೆ ವಿಭೂತಿಯ ಮೂರು ಗೆರೆ, ಒಂದು ಚೆಂಡುಹೂ. ನಾಲ್ಕೂ ಮೂಲೆ ಒಡೆಯದೆ ನೆಟ್ಟಗಿದ್ದವು.

"ಇದು ನಂದೇ ಹೌದಲ್ರಿ?"

ಶರಣಪ್ಪ ಫೋಟೊ ದೊಡ್ಡದು ಮಾಡಿ ನೋಡಿದರು. ಆಮೇಲೆ ನಕ್ಕೇಬಿಟ್ಟರು. "ಪೂಜಿ ಫೋಟೊ ಮುಂದ ಸುಳ್ಳು ಹೇಳಾಕ ಬರಂಗಿಲ್ರಿ. ಟೇಬಲ್ ಮ್ಯಾಲಿಂದ ಬಿದ್ದಿತ್ತು. ಪುಕಟ ಹಾಕಿ ಕೊಡ್ತೀನಿ, ಚಾ ಕುಡೀರಿ."

"ಮೊದಲ ಅದನ್ನ ರಸೀದಿ ಮ್ಯಾಲೆ ಬರದು ಕೊಡ್ರಿ, ಆಮ್ಯಾಲೆ ಚಾ" ಎಂದೆ. ಬರೆದುಕೊಟ್ಟರು, ಸಹಿಯನ್ನೂ ಹಾಕಿದರು.

ಸಾಕ್ಷಿ ಇಟ್ಟುಕೊಳ್ಳುವುದು ಗ್ರಾಹಕರ ಕೆಲಸ ಎನ್ನುತ್ತಾರೆ. ನನ್ನ ಸಾಕ್ಷಿಗೆ ಅಂಗಡಿಯವರೇ ಹೂ ಏರಿಸಿದ್ದರು.