ಏಳು ಮತ್ತು ಅರವತ್ತರ ಎಂಜಿನ್

ಈಗ ನಾವಿರುವ ಉಂಟರ್‌ಫ್ಯೋರಿಂಗ್ ಎಂಬ ಊರಿನ ಕಟ್ಟಡದಲ್ಲಿ ಕಾರುಗಳು ನೆಲಮಾಳಿಗೆಯಲ್ಲಿ ನಿಲ್ಲುತ್ತವೆ. ಎಲ್ಲವೂ ಹೊಸವು, ಬಂದದ್ದೂ ಹೋದದ್ದೂ ಗೊತ್ತಾಗುವುದಿಲ್ಲ. ಅಲ್ಲಿ ಇಳಿದಾಗಲೆಲ್ಲ ನನಗೆ ನಾವು ಮೊದಲಿದ್ದ ಊರಾದ ಶ್ವೀಬರ್ಡಿಂಗೆನ್ನಿನ ಹಳೆಯ ಬಾಡಿಗೆ ಮನೆಯ ಹಿತ್ತಲ ಶೆಡ್ಡು ನೆನಪಾಗುತ್ತದೆ.

ಆ ಮನೆಯ ಮಾಲೀಕರಿಗೆ ಎಂಬತ್ತು ದಾಟಿತ್ತು. ಕೆಳಗಿನ ಮನೆಯಲ್ಲಿ ಒಬ್ಬರೇ ಇದ್ದರು. ನಮ್ಮ ಬಾಯಲ್ಲಿ ಅವರು ಅಜ್ಜಾರು. ಶೆಡ್ಡಿನಲ್ಲಿದ್ದದ್ದು ಅವರ ಎಂಟು ಸಿಲಿಂಡರಿನ ಅಮೆರಿಕನ್ ಕಾರು, ಅರವತ್ತೇಳನೇ ಇಸವಿಯದು. ಊರಿಗೆ ಮರಳುತ್ತಿದ್ದ ಅಮೆರಿಕನ್ ಸೈನಿಕನೊಬ್ಬನಿಂದ ಪ್ರಾಯದಲ್ಲಿ ಕೊಂಡದ್ದಂತೆ. ಒಂದು ಚಳಿಗಾಲದಲ್ಲಿ ಒಳಗಿನ ನೀರು ಹೆಪ್ಪುಗಟ್ಟಿ ಎಂಜಿನ್ ಬ್ಲಾಕ್ ಸೀಳಿಹೋಗಿತ್ತು. ಕಣ್ಣು ಪೂರ್ತಿ ಮಂಜಾಗುವ ಮೊದಲು ಒಂದು ಬೇಸಿಗೆಯಾದರೂ ಅದನ್ನು ಓಡಿಸಬೇಕೆಂಬುದೇ ಅವರ ಆಸೆ. ಆದರೆ ಎಂಜಿನ್ ಕಾರಿನ ಕಾಲದ್ದೇ ಆಗಬೇಕು. "ಮುದುಕನಿಗೆ ಹುಡುಗನ ಎದೆ ಜೋಡಿಸಿದರೆ ಜನ ನಗುತ್ತಾರೆ" ಎನ್ನುತ್ತಿದ್ದರು.

ಹುಡುಕಲು ನಾನೇ ಮುಂದೆ ಬಿದ್ದೆ. ಹುಬ್ಬಳ್ಳಿಯಲ್ಲಿ ನಮ್ಮಪ್ಪನದು ಲಾರಿ ರಿಪೇರಿ ಗ್ಯಾರೇಜು. ಗುಜರಿಯಲ್ಲಿ ಹಳೆಯ ಎಂಜಿನ್ನಿನ ಮೇಲೆ ಸೀಮೆಸುಣ್ಣ ತಿಕ್ಕಿ, ಎದ್ದು ಬಂದ ನಂಬರನ್ನು ಓದುತ್ತಿದ್ದ. "ಕಣ್ಣಿಲೆ ನೋಡಲಾರದ ನಂಬರ ನಂಬಬ್ಯಾಡಲೇ" ಎಂಬುದು ಅವನ ಮಾತು. ಕಂಪ್ಯೂಟರಿನಲ್ಲೇ ಎಂಜಿನ್ ನಡೆಸಿ ನೋಡುವ ಕೆಲಸದ ಈ ಮಗನಿಗೆ ಅದೆಲ್ಲ ಎಲ್ಲಿ ನೆನಪಿರಬೇಕು!

ಅಜ್ಜಾರಿಗೆ ಫೋನಿನಲ್ಲಿ ಸರಿಯಾಗಿ ಕೇಳಿಸುತ್ತಿರಲಿಲ್ಲ, ಹಾಗಾಗಿ ಮಾತೆಲ್ಲ ನನ್ನದೇ, ನನ್ನ ಅರೆಬರೆ ಜರ್ಮನ್ ಭಾಷೆಯಲ್ಲಿ. ಏಪ್ರಿಲ್‌ನಲ್ಲಿ ಹ್ಯಾಂಬರ್ಗ್ ಬಂದರಿನ ಬಳಿಯ ಗುಜರಿಯವನೊಬ್ಬ ಅಂಥದೇ ಎಂಜಿನ್ ಇದೆಯೆಂದ. ಯಾವ ಇಸವಿಯದು ಎಂದೆ. "ಸೀಬೆನ್-ಉಂಡ್-ಸೆಖ್‌ಸಿಶ್" ಎಂದ. ಕೇಳಿದ ಕ್ರಮದಲ್ಲೇ ಏಳು, ಆರು ಎಂದು ಬರೆದುಕೊಂಡೆ. ಎಪ್ಪತ್ತಾರು! ಕಾರಿಗಿಂತ ಒಂಬತ್ತು ವರ್ಷ ಚಿಕ್ಕದು ಎಂದು ಹೇಳಿದಾಗ ಅಜ್ಜಾರು, "ಬೇಡ, ಬೇರೆ ನೋಡೋಣ" ಎಂದರು. ಬೇಸಿಗೆಯೆಲ್ಲ ನೋಡಿದೆವು. ಸಿಗಲಿಲ್ಲ.

ಅಕ್ಟೋಬರಿನಲ್ಲಿ ನಾನೂ ಹೆಂಡತಿಯೂ ಊರಿನವರ ಅರ್ಜಿ ನೋಡುವ ಬ್ಯುರ್ಗರ್‌ಆಮ್ಟ್ ಕಚೇರಿಯಲ್ಲಿ ಚೀಟಿ ಹಿಡಿದು ಕೂತಿದ್ದೆವು. ನಂಬರ್ ತೋರಿಸುವ ಬೋರ್ಡು ಕೆಟ್ಟಿತ್ತು, ಕೂಗಿ ಕರೆಯುತ್ತಿದ್ದರು. "ಫಿಯರ್-ಉಂಡ್-ಆಖ್ಟ್‌ಸಿಶ್!" ನಲವತ್ತೆಂಟರವರು ಯಾರಪ್ಪಾ ಎಂದು ನಾನು ಸುತ್ತ ನೋಡಿದೆ. ಹೆಂಡತಿ ತಿವಿದಳು.

"ಏಳ್ರೀ, ಎಂಬತ್ತನಾಕು ನಮ್ದ! ಇವ್ರು ಮೊದ್ಲ ನಾಕು ಅಂತಾರ, ಆಮ್ಯಾಲೆ ಎಂಬತ್ತು. ಇಷ್ಟ್ ವರ್ಷ ಆತು, ಇನ್ನೂ ತಿಳೀಲಿಲ್ಲೇನು?"

ತಿಳಿಯಿತು. ಗುಜರಿಯವನು ಅಂದದ್ದು ಏಳು ಮತ್ತು ಅರವತ್ತು, ಅರವತ್ತೇಳು. ನಾನು ಎದ್ದದ್ದು ಕೌಂಟರಿಗಲ್ಲ, ಹೊರಗೆ ಹೋಗಿ ಹ್ಯಾಂಬರ್ಗಿಗೆ ಫೋನ್ ಮಾಡಲು. ಎಂಜಿನ್ ಅಲ್ಲೇ ಇತ್ತು.

ಅದು ಬಂದು, ಕೂಡಿಸುವಷ್ಟರಲ್ಲಿ ಚಳಿಗಾಲ ಕಳೆಯಿತು. ಅಷ್ಟರಲ್ಲಿ ಕಣ್ಣಿನ ಡಾಕ್ಟರು ಅಜ್ಜಾರಿಗೆ ಇನ್ನು ಕಾರು ಓಡಿಸಕೂಡದು ಎಂದುಬಿಟ್ಟಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬಾರದಂತೆ ಮಾಡಿದವನು ನಾನೇ.

ಎಂಜಿನ್ ಮೊದಲ ಸಲ ಗುಡುಗಿದ ದಿನ ತಡೆಯಲಾರದೆ ಹೇಳಿಬಿಟ್ಟೆ: "ಇದು ಹೋದ ಏಪ್ರಿಲ್‌ನಲ್ಲೇ ಸಿಕ್ಕಿತ್ತು. ನಾನೇ ಅಂಕಿ ತಿರುಗಿಸಿ ಬರೆದುಕೊಂಡಿದ್ದೆ." ಅವರು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಬದಲಿಗೆ ಕಾರಿನ ಬಾಗಿಲು ತೆಗೆದು ಸ್ಟಿಯರಿಂಗ್ ಮುಂದೆ ಕೂತರು.

"ಗೇಟಿನ ತನಕ ನನ್ನ ಜಾಗ. ಇಲ್ಲಿ ನನ್ನನ್ನು ಯಾರೂ ತಡೆಯುವಂತಿಲ್ಲ."

ಶೆಡ್ಡಿನಿಂದ ಗೇಟಿಗೆ ಮೂವತ್ತು ಹೆಜ್ಜೆ. ಎಷ್ಟು ನಿಧಾನವಾಗಿ ಓಡಿಸಿದರೆಂದರೆ, ನಾನು ಪಕ್ಕದಲ್ಲಿ ನಡೆದುಕೊಂಡೇ ಬಂದೆ. ಗೇಟಿನಲ್ಲಿ ನಿಲ್ಲಿಸಿ, ಎಂಜಿನ್ ಆರಿಸದೆ ಇಳಿದು, ಸುತ್ತು ಹಾಕಿ ಆಚೆಯ ಸೀಟಿನಲ್ಲಿ ಕೂತರು.

"ಬಾ, ಇಲ್ಲಿಂದ ನೀನು."

ಅವರ ಒಂದಿಡೀ ಬೇಸಿಗೆಯನ್ನು ನಾನು ಮೂವತ್ತು ಹೆಜ್ಜೆಗೆ ಇಳಿಸಿದ್ದೆ. ಅವರ ಮೈಬಿಸಿ ಇನ್ನೂ ಆರದ ಆ ಸೀಟಿನಲ್ಲಿ ಹೋಗಿ ಕೂತೆ.