ನನ್ನ ಮಾರಿ, ಚಿಗವ್ವನ ದನಿ

ಶಿವಬಸವ ನಗರದ ಬಾಡಿಗೆ ಖೋಲಿಗೆ ಕೀಲಿ ಹಾಕಿ ನಾನೂ ಚಿಗವ್ವನೂ ಹೊರಬಿದ್ದಾಗ ಓಣಿಯಲ್ಲಿ ಇನ್ನೂ ಬಿಸಿಲು ಬಿದ್ದಿರಲಿಲ್ಲ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಸುಗ್ಗಿ ಮುಗಿದು ಚಳಿ ಇಳಿಯುವ ಕಾಲ. ಈಗ ನನ್ನ ಮುಖವನ್ನು ಸಿನಿಮಾದ ಗೋಡೆಚಿತ್ರಗಳಲ್ಲಿ ನೋಡುವವರಿಗೆ ನಾನು ಹುಟ್ಟುವಾಗಲೇ ಬಣ್ಣ ಹಚ್ಚಿಕೊಂಡು ಬಂದವಳೆಂಬ ಭಾವನೆ. ಮೊನ್ನೆ ಪತ್ರಿಕೆಯವನೊಬ್ಬ ಬಂದು, ಆರಂಭದ ದಿನಗಳ ಸವಿನೆನಪು ಹೇಳಿ ಎಂದ. ಸವಿನೆನಪಂತೆ. ಚಹಾ ಕುಡಿಸಿ ಕಳಿಸಿದೆ. ಹೇಳುವುದಿದ್ದರೆ ಈ ಒಂದು ಪ್ರಯಾಣವನ್ನೇ ಹೇಳಬೇಕು, ಅದನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಆಗ ನನಗೆ ಹತ್ತೊಂಬತ್ತು. ಸುಗ್ಗಿಯ ನಂತರ ನಮ್ಮ ಕಡೆಯ ಹಳ್ಳಿಗಳಲ್ಲಿ ಗಂಡಸರು ಸೇರಿ ನಾಟಕ ಆಡುತ್ತಾರೆ. ತಿಂಗಳುಗಟ್ಟಲೆ ತಾಲೀಮು ಅವರದು. ಹೆಣ್ಣು ಪಾತ್ರಕ್ಕೆ ಮಾತ್ರ ಶಹರದಿಂದ ನಮ್ಮಂಥವರನ್ನು ಕರೆಸುತ್ತಾರೆ. ನಮ್ಮ ಮಾತುಗಳನ್ನು ಬರೆದ ಹಾಳೆ ಏಜೆಂಟನ ಕೈಯಿಂದ ಮೊದಲೇ ಬರುತ್ತದೆ. ಮನೆಯಲ್ಲಿ ಬಾಯಿಪಾಠ ಮಾಡಿಕೊಂಡು, ನಾಟಕದ ಹಿಂದಿನ ದಿನ ಹೋಗಿ ಮುಟ್ಟಿದರೆ ಆಯಿತು. ತಮ್ಮ ಮನೆಯ ಹೆಣ್ಣುಮಕ್ಕಳನ್ನು ರಂಗದ ಹತ್ತಿರವೂ ಸುಳಿಯಗೊಡದ ಇದೇ ಗಂಡಸರು ನಮಗೆ ಹಾರ ಹಾಕಿ ಇಳಿಸಿಕೊಳ್ಳುತ್ತಾರೆ. ಮಲಗಲು ಜಾಗ ಕೇಳಿದರೆ ದನದ ಕೊಟ್ಟಿಗೆಯ ಪಕ್ಕದ ಹೊಟ್ಟಿನ ಖೋಲಿ ತೋರಿಸುತ್ತಾರೆ.

ಅಲ್ಲಿಯವರೆಗೆ ನನಗೆ ಸಿಕ್ಕಿದ್ದೆಲ್ಲ ಕುಣಿಯುವ ಪಾತ್ರ, ಇಲ್ಲವೇ ನೀರು ತಂದಿಟ್ಟು ಒಳಗೆ ಹೋಗುವ ಪಾತ್ರ. ಈ ಸಲ ಹಾಗಲ್ಲ. ಸುಳ್ಳು ಆಪಾದನೆ ಹೊತ್ತ ಸೊಸೆಯ ಪಾತ್ರ. ಮನೆಯಿಂದ ಹೊರಹಾಕಿದ ಮಾವನಿಗೆ ಹೊಸ್ತಿಲಾಚೆ ನಿಂತು ಅವಳು ಉತ್ತರ ಕೊಡುತ್ತಾಳೆ, ಎರಡು ಹಾಳೆ ತುಂಬ ಮಾತು. ಅದನ್ನು ಸರಿಯಾಗಿ ಹೇಳಿ ಬಂದರೆ ನಾನು ನಟಿ; ಇಲ್ಲದಿದ್ದರೆ ಮತ್ತೆ ನೀರಿನ ತಂಬಿಗೆ. ಹಾಳೆ ಬಂದದ್ದು ಮರಾಠಿಯಲ್ಲಿ. ಮನೆಮಾತು ಕನ್ನಡವಾದ ನನಗೆ ಸಂತೆಯ ಮರಾಠಿ ಬರುತ್ತಿತ್ತೇ ಹೊರತು ನಾಟಕದ ಮರಾಠಿ ಅಲ್ಲ. ಬಾಜೂ ಮನೆಯ ಮರಾಠಿ ಮುದುಕಿ ಆಯಿಯ ಮುಂದೆ ಕೂತು, ಆಕೆಯ ಕೈಯಲ್ಲಿ ಬೈಸಿಕೊಂಡು, ಅಕ್ಕಿ ಆರಿಸುತ್ತ, ಬಟ್ಟೆ ಒಗೆಯುತ್ತ ಕಲಿತಿದ್ದೆ.

ಚಿಗವ್ವ ನೀಲವ್ವ, ನನ್ನ ತಾಯಿಯ ತಂಗಿ, ಒಂದು ಕಾಲಕ್ಕೆ ಕಂಪನಿ ನಾಟಕದ ನಾಯಕಿ. ಕಟ್ಟಕಡೆಯ ಸಾಲಿನಲ್ಲಿ ನೆಲದ ಮೇಲೆ ಕೂತವನಿಗೂ ಪಿಸುಮಾತು ಕೇಳಿಸುವಂಥ ದನಿ ಅವಳದು. ಸ್ಟೋವ್ ಸಿಡಿದು ಎಡಗೆನ್ನೆಯೂ ಕುತ್ತಿಗೆಯೂ ಸುಟ್ಟವು. ಕಂಪನಿಯ ಮಾಲೀಕ ಒಂದು ಸೀರೆ ಕೊಟ್ಟು ಮನೆಗೆ ಕಳಿಸಿದ. ಅಂದಿನಿಂದ ಅವಳು ಎಡಗಡೆ ಸೆರಗು ಹೊದ್ದೇ ಮಾತಾಡುವುದು. ಒಂಟಿ ಹುಡುಗಿಯನ್ನು ಹಳ್ಳಿಗೆ ಕಳಿಸಲಾಗದೆಂದು ನನ್ನ ಜೊತೆ ಬರುತ್ತಿದ್ದಳು.

ಬೆಳಗಾವಿಯಿಂದ ಖಾನಾಪುರ ಹದಿನಾರು ಮೈಲಿ. ಕೆಂಪು ಬಸ್ಸು ಪೀರನವಾಡಿ, ಮಚ್ಛೆ ದಾಟುವವರೆಗೆ ನಾನು ಕಿಟಕಿಯ ಕಡೆ ಮುಖ ಮಾಡಿ ಮಾತು ಒಪ್ಪಿಸುತ್ತಲೇ ಇದ್ದೆ. ಮುಂದಿನ ಸೀಟಿನ ಹೆಂಗಸು ಎರಡು ಸಲ ತಿರುಗಿ ನೋಡಿ, ಚಿಗವ್ವನಿಗೆ ಮೆಲ್ಲಗೆ ಕೇಳಿದಳು.

"ಹುಡಿಗಿಗೆ ಯಾವಾಗಿಂದ ಹಿಂಗ ಐತ್ರಿ?"

"ಸಾಲಿ ಬಿಟ್ಟಾಗಿಂದ ನೋಡ್ರಿ," ಎಂದಳು ಚಿಗವ್ವ. ಆಮೇಲೆ ನನ್ನ ಕಡೆ ಬಾಗಿ, "ಸುಮಿ, ಇದು ನಾ ಕಂಪನಿಯೊಳಗ ಮಾಡಿದ ನಾಟಕಾನ ಅದ. ಮರಾಠಿ ಅಂಗಿ ತೊಟ್ಟೈತಿ ಅಷ್ಟ. ಕನ್ನಡದಾಗ ನನಗ ಇವತ್ತಿಗೂ ಒಂದ ಅಕ್ಷರ ಮರ್ತಿಲ್ಲ," ಎಂದಳು. ಅದು ಮುಂದೆ ನನ್ನ ಕೊರಳಿಗೇ ಉರುಳಾಗುತ್ತದೆಂದು ಆಗ ಹೊಳೆಯಲಿಲ್ಲ.

ಖಾನಾಪುರದಲ್ಲಿ ಇಳಿದಾಗ ಹಂಚು ಹೇರಿಕೊಂಡ ಲಾರಿಗಳು ಸಾಲಾಗಿ ನಿಂತಿದ್ದವು. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕಾಳಿನ ಉಸಳಿ ಮತ್ತು ಪಾವು ತಿಂದೆವು. ಉಸಳಿ ಖಾರವಾಗಿತ್ತು, ಚಹಾ ಚೆನ್ನಾಗಿತ್ತು. ನನ್ನ ಗುಣುಗುಣು ಕೇಳಿದ ಹೋಟೆಲಿನವನು ದುಡ್ಡಿನ ಗಲ್ಲೆಯ ಹಿಂದಿನಿಂದಲೇ ಒಂದು ಮರಾಠಿ ಮಾತನ್ನು ತಿದ್ದಿದ. ಖಾನಾಪುರದಲ್ಲಿ ಅರ್ಧ ವಾಕ್ಯ ಕನ್ನಡ, ಅರ್ಧ ಮರಾಠಿ. ಯಾರೂ ಯಾರನ್ನೂ ಅದಕ್ಕಾಗಿ ತಡೆಯುವುದಿಲ್ಲ. ಈಗ ಛಲೋ ಆತು ನೋಡವಾ ಎಂದು ಅವನು ಅಂದಾಗ ನನಗೆ ಎರಡು ಕೋಡು ಮೂಡಿದವು.

ಅಲ್ಲಿಂದ ನಂದಗಡಕ್ಕೆ ಇನ್ನೊಂದು ಬಸ್ಸು. ಸಂತೆಯ ದಿನವಾದ್ದರಿಂದ ಒಳಗೆ ಮನುಷ್ಯರಿಗಿಂತ ಕೋಳಿ ಹೆಚ್ಚು. ನಂದಗಡದಲ್ಲಿ ನಾಟಕದವರು ಕಳಿಸಿದ ಎತ್ತಿನ ಚಕ್ಕಡಿ ಕಾಯುತ್ತಿತ್ತು. ಮುಂದಿನ ನಾಲ್ಕೈದು ಮೈಲಿ ಕಾಡಂಚಿನ ದಾರಿ. ಆ ಊರಿನ ಹೆಸರನ್ನು ನಾನು ಹೇಳುವುದಿಲ್ಲ. ಆ ಊರಿನವರಿಗೆ ಗೊತ್ತು, ಸಾಕು. ಕರಡಿಯ ಕಾಟವಿದ್ದುದರಿಂದ ಸುತ್ತಲಿನ ಕೇರಿಗಳ ಜನ ಕತ್ತಲಾಗುವುದರೊಳಗೆ ಮನೆ ಸೇರಬೇಕು. ಹಾಗಾಗಿ ಅಲ್ಲಿ ನಾಟಕ ನಡೆಯುವುದು ಹಗಲು ಹೊತ್ತಿನಲ್ಲಿ, ಊಟವಾದ ಮೇಲೆ.

ಸಂಜೆ ಮುಟ್ಟಿದೆವು. ಸಾಲೆಯ ಖೋಲಿಯಲ್ಲಿ ತಾಲೀಮಿಗೆ ನಮ್ಮದೇ ದಾರಿ ಕಾಯುತ್ತಿದ್ದರು. ನಾಯಕನ ಪಾತ್ರ ಊರ ಗೌಡರ ಮಗನದು, ನಾಟಕದ ಖರ್ಚೆಲ್ಲ ಗೌಡರದು. ನಾನು ಹೋಗಿ ನಿಂತು ಮೊದಲ ಮಾತು ಹೇಳಿದೆ. ಖೋಲಿ ಸ್ತಬ್ಧವಾಯಿತು. ಮೆಚ್ಚಿ ಸುಮ್ಮನಾದರೆಂದುಕೊಂಡು ಎರಡನೆಯದನ್ನೂ ಹೇಳಿದೆ. ಗೌಡರ ಮಗ ಬಿದ್ದು ಬಿದ್ದು ನಗತೊಡಗಿದ.

ನಡೆದದ್ದು ಇಷ್ಟು. ಆ ಊರಿನಲ್ಲಿ ಎರಡು ನಾಟಕ ಮಂಡಳಿಗಳು. ಮೇಲಿನ ಓಣಿಯದು ಮರಾಠಿ, ಕೆಳಗಿನ ಓಣಿಯದು ಕನ್ನಡ. ಒಬ್ಬರ ಮೇಲೊಬ್ಬರು ಹಟಕ್ಕೆ ಬಿದ್ದು ಒಂದೇ ಕಥೆಯನ್ನು ಒಂದು ವರ್ಷ ಇವರು, ಒಂದು ವರ್ಷ ಅವರು ಆಡುತ್ತಿದ್ದರು. ಈ ವರ್ಷ ಕನ್ನಡದ ಪಾಳಿ. ನಮ್ಮ ಏಜೆಂಟ ಹೋದ ವರ್ಷದ ಹಾಳೆ ಎತ್ತಿ ನನಗೆ ಕೊಟ್ಟಿದ್ದ. ಊರ ಹೆಸರು ಸರಿಯಿತ್ತು, ನಾಟಕವೂ ಸರಿಯಿತ್ತು, ಭಾಷೆ ಮಾತ್ರ ಪಕ್ಕದ ಓಣಿಯದಾಗಿತ್ತು.

"ಕನ್ನಡದ್ದು ಕೊಡ್ರಿ, ಮುಂಜಾನಿ ಒಪ್ಪಸ್ತೀನಿ," ಎಂದೆ. ಕನ್ನಡದ ಹೆಣ್ಣುಮಗಳಿಗೆ ಕನ್ನಡ ಕಲಿಯಲು ಎಷ್ಟು ಹೊತ್ತು? ಆದರೆ ಅದು ಪ್ರಾಸಕ್ಕೆ ಪ್ರಾಸ ಕೂಡಿಸಿದ ಹಳೆಯ ಕಂಪನಿ ಭಾಷೆ. ಹೊಟ್ಟಿನ ಖೋಲಿಯಲ್ಲಿ ಕೂತು ಕಣ್ಣು ಕೆಂಪಾಗುವವರೆಗೆ ಓದಿದೆ. ಮುಂಜಾನೆ ಗೌಡರು ಕುರ್ಚಿ ಹಾಕಿಸಿಕೊಂಡು ಕೇಳಲು ಕೂತರು. ಹೊಸ್ತಿಲ ಮಾತಿನವರೆಗೆ ನೆಟ್ಟಗೆ ಬಂದೆ. ಅಲ್ಲಿ ನಡುವೆ ಒಂದು ಕಡೆ ಮರಾಠಿ ನುಗ್ಗಿತು. ಒಂದೇ ಕಡೆ. ಅವರ ಮಗ ಪ್ರತಿ ಮಾತಿಗೂ ಎಡವುತ್ತಿದ್ದ, ಅದನ್ನು ಯಾರೂ ಕೇಳಲಿಲ್ಲ.

ಆಗ ಚಿಗವ್ವ, ಮೂಲೆಯಲ್ಲಿ ಕೂತಲ್ಲಿಂದಲೇ, ನಾನು ತಪ್ಪಿದ ಮಾತನ್ನು ಎತ್ತಿ ಕೊಟ್ಟಳು. ನೆನಪು ಮಾಡಿಕೊಡಲೆಂದು ಹೇಳಿದ್ದು. ಆದರೆ ಬಾಯಿ ತೆರೆದ ಮೇಲೆ ಅವಳಿಗೆ ನಿಲ್ಲಿಸಲಾಗಲಿಲ್ಲ.

"ಬಾಗಿಲು ನಿಮ್ಮದು, ಬೀಗ ನಿಮ್ಮದು, ಮಾವಯ್ಯ. ಹೊರಗೆ ನಿಂತ ಈ ಮಾತು ಮಾತ್ರ ನನ್ನದು. ಇದನ್ನು ಕೇಳಿ ಬಾಗಿಲು ಹಾಕಿರಿ."

ಗೌಡರು ಕುರ್ಚಿಯಲ್ಲಿ ಮುಂದಕ್ಕೆ ಸರಿದರು. ಎದ್ದು ಬಂದು ಚಿಗವ್ವನ ಮುಖ ನೋಡಿದರು, ಸೆರಗು ನೋಡಿದರು, ಮತ್ತೆ ನನ್ನ ಮುಖ ನೋಡಿದರು. ದನ ಕೊಳ್ಳುವವರು ಹಾಗೆ ನೋಡುತ್ತಾರೆ.

"ಹಿಂಗ ಮಾಡೂಣು," ಎಂದರು. "ಮಾರಿ ಈಕಿದು ಇರ್ಲಿ, ದನಿ ಆಕಿದು ಇರ್ಲಿ. ಈಕಿ ಮುಂದ ನಿಂತು ತುಟಿ ಅಲ್ಲಾಡಸ್ಲಿ. ಆಕಿ ಪರದೆ ಹಿಂದ ನಿಂತು ಮಾತಾಡ್ಲಿ. ಮಂದಿಗೇನ ಗೊತ್ತಾಗಂಗಿಲ್ಲ."

"ನಾನೇನ ಗೊಂಬಿ ಅಲ್ರಿ," ಎಂದೆ.

"ಗೊಂಬಿ ಅಂತ ಯಾರ ಅಂದಾರವಾ? ಮಂದಿ ನಿನ್ನ ನೋಡಾಕ ಬರ್ತಾರ, ನಿನ್ನ ಮಾತ ಕೇಳಾಕ ಅಲ್ಲ."

ನಾನು ಚಿಗವ್ವನ ಕಡೆ ನೋಡಿದೆ. ಇಬ್ಬರಿಗೂ ಒಟ್ಟಿಗೆ ಆದ ಅವಮಾನ ಅದು. ನನಗೆ ನಾಲಿಗೆಯಿಲ್ಲ, ಅವಳಿಗೆ ಮುಖವಿಲ್ಲ ಎಂದು ಒಂದೇ ಉಸುರಿನಲ್ಲಿ ಹೇಳಿಬಿಟ್ಟಿದ್ದರು. ಗಂಟು ಕಟ್ಟು, ಹೋಗೂಣು ಎಂದು ಅವಳು ಅಂದಾಳೆಂದು ಕಾದೆ. ಅವಳು ಹೇಳಿದ್ದು ಬೇರೆ.

"ಆತ್ರಿ ಗೌಡ್ರ."

ನನ್ನನ್ನು ಕೇಳಲಿಲ್ಲ. ಆ ಸಿಟ್ಟು ಗೌಡರ ಮೇಲಿನದಕ್ಕಿಂತ ದೊಡ್ಡದು. ಬಣ್ಣ ಹಚ್ಚುವಾಗ ಅವಳ ಕೈಗೆ ನನ್ನ ಮುಖ ಕೊಡಲಿಲ್ಲ, ನಾನೇ ಹಚ್ಚಿಕೊಂಡೆ.

"ಎಂಟ ವರ್ಷ ಆತು ಸುಮಿ, ನಾ ಆ ಮಾತ ಆಡಿ," ಎಂದಳು ಹಿಂದಿನಿಂದ.

"ನಂದರ ಇನ್ನೂ ಒಮ್ಮೆನೂ ಆಗಿಲ್ಲ," ಎಂದೆ.

ಊಟದ ನಂತರ ನಾಟಕ ಶುರುವಾಯಿತು. ಸಾಲೆಯ ಅಂಗಳದ ತುಂಬ ಜನ. ಮೇಲಿನ ಓಣಿಯವರೂ ತಪ್ಪು ಹಿಡಿಯಲೆಂದು ಮುಂದಿನ ಸಾಲಿನಲ್ಲೇ ಬಂದು ಕೂತಿದ್ದರು. ನಾನು ತುಟಿ ಅಲ್ಲಾಡಿಸಿದೆ, ಕೈ ಎತ್ತಿದೆ, ಅತ್ತೆ. ನನ್ನ ಬೆನ್ನ ಹಿಂದಿನ ಪರದೆಯಿಂದ ಚಿಗವ್ವನ ದನಿ ನನ್ನ ತಲೆಯ ಮೇಲೆ ಹಾದು ಜನರ ಕಡೆ ಹೋಗುತ್ತಿತ್ತು. ಸುಳ್ಳು ಹೇಳಲಾರೆ, ಅಂಥ ದನಿಯನ್ನು ನಾನು ಮುಂದೆ ದೊಡ್ಡ ದೊಡ್ಡ ಊರುಗಳಲ್ಲೂ ಕೇಳಲಿಲ್ಲ. ಹೊಸ್ತಿಲ ಮಾತು ಬಂದಾಗ ಹೆಂಗಸರ ಕಡೆ ಮೂಗು ಸೇದುವ ಸದ್ದು. ಬೀಡಿ ಸೇದುವವರು ಬೀಡಿ ಕೆಳಗಿಟ್ಟಿದ್ದರು.

ನಮ್ಮ ಕಡೆ ಆಹೇರಿ ಎಂಬ ಒಂದು ಪದ್ಧತಿ ಇದೆ. ನಾಟಕದ ನಡುವೆ ಯಾರಿಗಾದರೂ ಪಾತ್ರ ಮೆಚ್ಚಿಗೆಯಾದರೆ ಅಲ್ಲೇ ಆಟ ನಿಲ್ಲಿಸಿ ರಂಗದ ಮೇಲೆ ಉಡುಗೊರೆ ಕೊಡುತ್ತಾರೆ. ಕೊಟ್ಟವರ ಹೆಸರು ಕೂಗುತ್ತಾರೆ, ಪಾತ್ರದವರು ಕೈ ಮುಗಿಯಬೇಕು. ಮಗ ಸಾಯುತ್ತಿರಲಿ, ಗಂಡ ಸಾಯುತ್ತಿರಲಿ, ಆಹೇರಿ ಬಂತೆಂದರೆ ಎದ್ದು ಕೈ ಮುಗಿದು ಮತ್ತೆ ಬಂದು ಸಾಯಬೇಕು. ಸರಿಯಾಗಿ "ಹೊರಗೆ ನಿಂತ" ಎಂಬಲ್ಲಿಗೆ ಮಾತು ಬಂದಾಗ ಗೌಡರ ಆಳು ಕುಪ್ಪಸದ ಖಣ, ತೆಂಗಿನಕಾಯಿ ಹಿಡಿದು ರಂಗ ಹತ್ತಿದ.

"ನಮ್ಮ ಗೌಡ್ರ ಕಡಿಂದ, ನಟಿಯವರ ಮಾತಿನ ಚಂದಕ್ಕ ಮೆಚ್ಚಿ, ಒಂದ ಖಣ, ಒಂದ ಕಾಯಿ ಆಹೇರಿ."

ಮಾತಿನ ಚಂದಕ್ಕೆ. ಮುಂಜಾನೆ ನನ್ನ ಬಾಯಿಗೆ ಬಟ್ಟೆ ತುರುಕಿದ ಮನುಷ್ಯ ಮಧ್ಯಾಹ್ನ ನನ್ನ ಮಾತಿಗೆ ಖಣ ಕೊಡಿಸುತ್ತಿದ್ದ, ಕೆಳಗೆ ಕೂತು ಮೀಸೆಯಲ್ಲಿ ನಗುತ್ತಿದ್ದ. ನಾನು ಕೈ ಮುಗಿಯಲಿಲ್ಲ.

"ಈ ಮಾತ ನಂದಲ್ರಿ," ಎಂದೆ, ನನ್ನ ದನಿಯಲ್ಲಿ. ಆ ದಿನ ರಂಗದ ಮೇಲೆ ಅದೇ ನನ್ನ ಮೊದಲ ಮಾತು. "ಮಾತಾಡಿದಾಕಿ ಇಲ್ಲಿ ಅದಾಳ. ಆಕಿಗೆ ಕೊಡ್ರಿ."

ಪರದೆಯನ್ನು ಹಿಡಿದು ಎಳೆದೆ. ಚಿಗವ್ವ ನಿಂತಿದ್ದಳು. ಪರದೆಯ ಹಿಂದೆ ಯಾರು ನೋಡುತ್ತಾರೆಂದು ಸೆರಗು ಹೊದ್ದಿರಲಿಲ್ಲ. ಸುಟ್ಟ ಕೆನ್ನೆ ಬಿಸಿಲಿಗೆ ಬಿತ್ತು. ಮೇಲಿನ ಓಣಿಯವರಲ್ಲಿ ಒಬ್ಬ ಸಿಳ್ಳೆ ಹಾಕಿದ. ಗೌಡರು ಎದ್ದು ನಿಂತರು.

ಚಿಗವ್ವ ನನ್ನನ್ನು ನೋಡಿದ ನೋಟಕ್ಕೆ ಹಸಿ ಕಟ್ಟಿಗೆ ಉರಿಯಬೇಕಿತ್ತು. ಕೈ ಚಾಚಿ ಪರದೆಯನ್ನು ತಾನೇ ಎಳೆದು ಮುಚ್ಚಿಕೊಂಡಳು. ಒಂದು ಕ್ಷಣ ಬಿಟ್ಟು, ಮಾತು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಎತ್ತಿಕೊಂಡಳು. "ಹೊರಗೆ ನಿಂತ ಈ ಮಾತು ಮಾತ್ರ ನನ್ನದು." ಆಳು ಖಣವನ್ನು ಅಲ್ಲೇ ಇಟ್ಟು ಕೆಳಗಿಳಿದ. ನಾನು ತುಟಿ ಅಲ್ಲಾಡಿಸಿದೆ, ಬೇರೆ ದಾರಿಯಿರಲಿಲ್ಲ. ದನಿ ಯಾರದೆಂದು ಈಗ ಎಲ್ಲರಿಗೂ ಗೊತ್ತಿತ್ತು, ಆದರೂ ಹೆಂಗಸರು ಮೊದಲಿಗಿಂತ ಜೋರಾಗಿ ಅತ್ತರು.

ಮರುದಿನ ಮುಂಜಾನೆ ಚಕ್ಕಡಿ ಕೊಡಲಿಲ್ಲ. ನಂದಗಡದವರೆಗೆ ನಡೆದೇ ಬಂದೆವು, ಚಿಗವ್ವ ಮುಂದೆ, ನಾನು ಹಿಂದೆ. ಖಾನಾಪುರದಲ್ಲಿ ಬೆಳಗಾವಿಯ ಬಸ್ಸು ಹತ್ತಿ ಕೂತ ಮೇಲೆ ಅವಳು ಬಾಯಿ ಬಿಟ್ಟಳು.

"ಮಂದಿ ಅಳಾಕ ಹತ್ತಿದ್ರು. ನೀ ಎಬ್ಬಿಸಿ ಕುಂದ್ರಿಸಿದಿ. ಪರದೆ ಹಿಂದಿನವರನ್ನ ತೋರಸ್ತಾರೇನ ಯಾರಾದ್ರೂ?"

"ನಿನಗ ಬರಬೇಕಾದದ್ದು ನಾ ಹೆಂಗ ತಗೊಳ್ಳಿ?"

"ನನಗ ಬರಬೇಕಾದದ್ದು ಬಂದಿತ್ತು. ಎಂಟ ವರ್ಷದ ಮ್ಯಾಲ ಬಂದಿತ್ತು. ನಡುವ ಕತ್ತರಿಸಿದಾಕಿ ನೀ."

ರಂಗದ ಮೇಲಿಂದ ಎತ್ತಿ ತಂದಿದ್ದ ಖಣವನ್ನು ಗಂಟಿನಿಂದ ತೆಗೆದು ನನ್ನ ಉಡಿಗೆ ಎಸೆದಳು. ನಾನು ಅವಳ ಉಡಿಗೆ ಎಸೆದೆ. ಅವಳು ಅದನ್ನು ನಮ್ಮಿಬ್ಬರ ನಡುವೆ ಸೀಟಿನ ಮೇಲೆ ಇಟ್ಟಳು. ನಾನು ಮಾಡಿದ್ದು ಸರಿ ಎಂದೇ ನನ್ನ ವಾದ, ಇಂದಿಗೂ. ತಾನು ಹೇಳಿದ್ದೇ ಸರಿ ಎಂದು ಅವಳೂ ಕೊನೆಯವರೆಗೆ ಸಾಧಿಸಿದಳು.

ಮಚ್ಛೆಯ ಹತ್ತಿರ ಬಂದಾಗ ಚಿಗವ್ವ ಕಿಟಕಿಯ ಕಡೆ ನೋಡುತ್ತಲೇ ಅಂದಳು. "ಹೇಳು."

"ಏನ?"

"ಹೊಸ್ತಿಲ ಮಾತು. ಕನ್ನಡದಾಗ. ಇನ್ನೊಮ್ಮೆ ಯಾವ ಮಗನೂ ನಿನಗ ತುಟಿ ಅಲ್ಲಾಡಸು ಅನಬಾರದು."

ಸಿಟ್ಟಿನಲ್ಲೇ ಹೇಳಿದೆ. ಸಿಟ್ಟಿನಲ್ಲೇ ತಿದ್ದಿದಳು. ಪೀರನವಾಡಿ ಬಂತು, ಟಿಳಕವಾಡಿ ಬಂತು, ನಾವು ಜಗಳಾಡುತ್ತಿದ್ದೇವೆಂದು ಕಂಡಕ್ಟರು ಎರಡು ಸಲ ಸಮಾಧಾನ ಹೇಳಿ ಹೋದ.

ಬೆಳಗಾವಿಯ ನಿಲ್ದಾಣದಲ್ಲಿ ನಮ್ಮ ಏಜೆಂಟ ನಿಂತಿದ್ದ, ಬಾಯಿ ತುಂಬ ಎಲೆ ಅಡಿಕೆ. "ಹ್ಯಾಂಗಾತವಾ ನಾಟಕ? ಮುಂದಿನ ವಾರ ಇನ್ನೊಂದ ಐತಿ, ಕುಣಿಯೂ ಪಾತ್ರ," ಎಂದ.

ನಾನು ಗಂಟು ಕೆಳಗಿಟ್ಟೆ. ಅವನ ಮುಖಕ್ಕೆ ಮುಖ ಕೊಟ್ಟು ಶುರು ಮಾಡಿದೆ. ಬಾಗಿಲು ನಿಮ್ಮದು, ಬೀಗ ನಿಮ್ಮದು, ಮಾವಯ್ಯ. ಎರಡು ಹಾಳೆಯ ಮಾತು, ಒಂದು ಅಕ್ಷರ ಬಿಡಲಿಲ್ಲ. ಹಮಾಲರು ಚೀಲ ಇಳಿಸಿ ನಿಂತರು. ಹುಬ್ಬಳ್ಳಿಯ ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಬಂದವು. ಏಜೆಂಟ ಎಲೆ ಅಡಿಕೆ ಉಗುಳಲೂ ಆಗದೆ ನುಂಗಲೂ ಆಗದೆ ನಿಂತ. ಮುಗಿದಾಗ ಯಾರೋ ಚಪ್ಪಾಳೆ ತಟ್ಟಿದರು. ನಾನು ಚಿಗವ್ವನ ಕಡೆ ತಿರುಗಿದೆ.

"'ಹೊರಗೆ ನಿಂತ' ಅನ್ನೂದರಾಗ ಅವಸರ ಮಾಡಿದಿ," ಎಂದಳು. ಸೆರಗು ಜಾರಿತ್ತು, ಸರಿಪಡಿಸಿಕೊಂಡಿರಲಿಲ್ಲ. "ಅಲ್ಲಿ ಉಸುರ ತಗೋಬೇಕು. ಇನ್ನೊಮ್ಮೆ ಹೇಳು."

ಇನ್ನೊಮ್ಮೆ ಹೇಳಿದೆ. ನಾವು ಬಂದ ಬಸ್ಸು ಅಷ್ಟರಲ್ಲಿ ತಿರುಗಿ ಖಾನಾಪುರಕ್ಕೆ ಹೊರಟಿತ್ತು. ಗೌಡರ ಖಣ ನಮ್ಮ ಸೀಟಿನ ಮೇಲೆ ಹಾಗೇ ಉಳಿದದ್ದು ಇಬ್ಬರಿಗೂ ಗೊತ್ತಿತ್ತು, ಬಸ್ಸು ನಿಲ್ಲಿಸೆಂದು ಇಬ್ಬರೂ ಕೂಗಲಿಲ್ಲ.